ಜಿಎಸ್‌ಟಿ ಆದೇಶ ಅಂಚೆಯಲ್ಲಿ ಬರುತ್ತದೆಂದು ಕಾಯಬೇಡಿ

ಕರೆಂಟ್ ಅಕೌಂಟಿನಿಂದ ಚೆಕ್ ಪಾಸಾಗುವುದಿಲ್ಲ. ಬ್ಯಾಂಕಿಗೆ ಹೋದರೆ ‘ಡಿಆರ್‌ಸಿ-13 ಬಂದಿದೆ’ ಎನ್ನುತ್ತಾರೆ. ಅಂದರೆ, ನಿಮ್ಮ ಖಾತೆಯ ಹಣದಿಂದ ತೆರಿಗೆ ಬಾಕಿ ಕಟ್ಟಿ ಎಂದು ಜಿಎಸ್‌ಟಿ ಅಧಿಕಾರಿ ಬ್ಯಾಂಕಿಗೆ ಕಳಿಸುವ ನೋಟಿಸ್. ತಮ್ಮ ಮೇಲೆ ತೆರಿಗೆ ಆದೇಶ ಆಗಿರುವ ಸಂಗತಿ ಎಷ್ಟೋ ಅಂಗಡಿ ಮಾಲೀಕರಿಗೆ ತಿಳಿಯುವುದೇ ಆಗ.

ಇಂಥ ಪ್ರಕರಣಗಳು ಹೆಚ್ಚಾಗಿ ಹುಟ್ಟುವುದು 2ಬಿ (ಮಾರಾಟಗಾರರ ರಿಟರ್ನ್‌ನಿಂದ ಪೋರ್ಟಲ್ ತಾನೇ ತಯಾರಿಸುವ ಪಟ್ಟಿ), 3ಬಿ (ನೀವು ಸಲ್ಲಿಸುವ ರಿಟರ್ನ್) ನಡುವಿನ ಐಟಿಸಿ, ಅಂದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್, ವ್ಯತ್ಯಾಸದಿಂದ. ಕಾರಣ ಕೇಳುವ ಡಿಆರ್‌ಸಿ-01 ನೋಟಿಸ್ ಜಿಎಸ್‌ಟಿ ಪೋರ್ಟಲ್‌ಗೆ ಬಿದ್ದಿರುತ್ತದೆ. ನೋಂದಣಿಯಲ್ಲಿರುವ ಇಮೇಲ್, ಮೊಬೈಲ್ ಮಾತ್ರ ಬಿಟ್ಟುಹೋದ ಅಕೌಂಟೆಂಟರದು! ಉತ್ತರ ಹೋಗದಿದ್ದರೆ ತೆರಿಗೆ ಕಟ್ಟಿ ಎನ್ನುವ ಡಿಆರ್‌ಸಿ-07 ಆದೇಶ ಏಕಪಕ್ಷೀಯವಾಗಿ ಹೊರಬೀಳುತ್ತದೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 169ರಲ್ಲಿ ಪೋರ್ಟಲ್‌ಗೆ ಹಾಕುವುದೂ ನೋಟಿಸ್, ಆದೇಶ ತಲುಪಿಸುವ ಒಂದು ವಿಧಾನ. ಕೆಲವು ಹೈಕೋರ್ಟ್ ತೀರ್ಪುಗಳಲ್ಲಿ ಇಂಥ ಆದೇಶ ರದ್ದಾಗಿ ಮರುವಿಚಾರಣೆಗೆ ಹೋಗಿದ್ದುಂಟು. ಆದರೆ ರಿಟ್ ಹಾಕುವ ಖರ್ಚು ಕೆಲವೊಮ್ಮೆ ತೆರಿಗೆಯನ್ನೇ ಮೀರುತ್ತದೆ.

ಹಾಗಾಗಿ ಮೊದಲು ಇಮೇಲ್, ಮೊಬೈಲ್ ನಿಮ್ಮದಕ್ಕೆ ಬದಲಿಸಿಕೊಳ್ಳಿ. ಇದು ನಾನ್-ಕೋರ್ (ನೋಂದಣಿಯ ಮುಖ್ಯ ವಿವರವಲ್ಲದ) ತಿದ್ದುಪಡಿ, ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಲಾಗಿನ್ ಆದಾಗಲೆಲ್ಲ ಯೂಸರ್ ಸರ್ವೀಸಸ್‌ನಲ್ಲಿ ‘ನೋಟಿಸಸ್ ಆ್ಯಂಡ್ ಆರ್ಡರ್ಸ್’ ಜತೆಗೆ ‘ಅಡಿಷನಲ್ ನೋಟಿಸಸ್ ಆ್ಯಂಡ್ ಆರ್ಡರ್ಸ್’ ಕೂಡ ತೆರೆಯಿರಿ. ಹೆಚ್ಚಿನವರು ತಪ್ಪುವುದು ಈ ಎರಡನೆಯದರಲ್ಲೇ.

ನೋಟಿಸ್‌ಗೆ ಉತ್ತರ ಡಿಆರ್‌ಸಿ-06ರಲ್ಲಿ. ಅದರಲ್ಲಿ ಖುದ್ದು ವಿಚಾರಣೆ ಬೇಕೇ ಎಂಬ ಪ್ರಶ್ನೆ ಇದೆ. ಕೆಲಸ ಬೇಗ ಮುಗಿಯಲಿ ಎಂದು ಹಲವು ಕನ್ಸಲ್ಟೆಂಟರು ‘ಬೇಡ’ ಒತ್ತಿಬಿಡುತ್ತಾರೆ. ‘ಬೇಕು’ ಎಂದೇ ಒತ್ತಿಸಿ. ನಿಮಗೆ ವಿರುದ್ಧವಾದ ಆದೇಶ ಮಾಡುವ ಮುನ್ನ ವಿಚಾರಣೆ ಕೊಡಲೇಬೇಕು ಎನ್ನುತ್ತದೆ ಸೆಕ್ಷನ್ 75(4). ಕೊಡದಿದ್ದರೆ ಮೇಲ್ಮನವಿಯಲ್ಲಿ ಅದೇ ಗಟ್ಟಿ ಆಧಾರ. ನೋಟಿಸಿನಲ್ಲಿದ್ದ ಮೊತ್ತಕ್ಕಿಂತ ಹೆಚ್ಚು ಆದೇಶದಲ್ಲಿ ಕೇಳುವಂತೆಯೂ ಇಲ್ಲ, 75(7) ನೋಡಿ.

ಆದೇಶ ತಲುಪಿದ ದಿನದಿಂದ 3 ತಿಂಗಳೊಳಗೆ ಮೇಲ್ಮನವಿಯ ಫಾರಂ ಎಪಿಎಲ್-01 ಹಾಕಬೇಕು. ಸರಿಯಾದ ಕಾರಣವಿದ್ದರೆ ಇನ್ನೊಂದು ತಿಂಗಳ ವಿಳಂಬ ಮನ್ನಾ ಆಗಬಹುದು. ಅದಾದ ಮೇಲೆ ಕಾರಣ ಎಷ್ಟೇ ನಿಜವಿದ್ದರೂ ಮನ್ನಿಸುವ ಅಧಿಕಾರ ಮೇಲ್ಮನವಿ ಪ್ರಾಧಿಕಾರಕ್ಕೇ ಇಲ್ಲ. ಮೇಲ್ಮನವಿಗೆ ಕಟ್ಟಬೇಕಾದ ಮುಂಗಡ, ವಿವಾದಿತ ತೆರಿಗೆಯ ಶೇ 10 ಮಾತ್ರ. ತೆರಿಗೆ 3 ಲಕ್ಷ, ಬಡ್ಡಿ ಮತ್ತು ದಂಡ ಸೇರಿ 5 ಲಕ್ಷದ ಆದೇಶವಾದರೆ ಕಟ್ಟಬೇಕಾದ್ದು 30,000 ರೂಪಾಯಿ, 50,000 ಅಲ್ಲ. ತೆರಿಗೆಯಲ್ಲಿ ನೀವೇ ಒಪ್ಪಿದ ಭಾಗವಿದ್ದರೆ ಅದನ್ನು, ಅದರ ಬಡ್ಡಿ, ದಂಡದ ಸಮೇತ, ಪೂರ್ತಿ ಕಟ್ಟಬೇಕು. ಮುಂಗಡ ಕಟ್ಟಿದೊಡನೆ ಉಳಿದ ಮೊತ್ತದ ವಸೂಲಿ ತಂತಾನೇ ನಿಲ್ಲುತ್ತದೆ, ಪ್ರತ್ಯೇಕ ತಡೆಯಾಜ್ಞೆ ಬೇಡ.

ಅಂಗಡಿಗೆ ತಪಾಸಣೆಗೆ ಬಂದವರು ‘ಈಗಲೇ ಡಿಆರ್‌ಸಿ-03ರಲ್ಲಿ ಕಟ್ಟಿ’ ಎಂದರೆ ಹೆದರಬೇಡಿ. ಅದು ಸ್ವಇಚ್ಛೆಯ ಪಾವತಿಯ ಫಾರಂ. ತಪಾಸಣೆಯ ಹೊತ್ತಿನಲ್ಲಿ ಬಲವಂತದ ವಸೂಲಿ ಸಲ್ಲದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಿಎಸ್‌ಟಿ ತನಿಖಾ ವಿಭಾಗವೇ 2022ರ ಮೇ 25ರಂದು ತನ್ನ ಅಧಿಕಾರಿಗಳಿಗೆ ಸೂಚಿಸಿದೆ.

ಖಾತೆ ಈಗಾಗಲೇ ಜಪ್ತಿಯಾಗಿದ್ದು ಮೇಲ್ಮನವಿಯ ಅವಧಿ ಉಳಿದಿದ್ದರೆ, ಶೇ 10 ಕಟ್ಟಿ ಎಪಿಎಲ್-01 ಸಲ್ಲಿಸಿ. ಸ್ವೀಕೃತಿ ಮತ್ತು ಪಾವತಿ ದಾಖಲೆ ಲಗತ್ತಿಸಿ, ಡಿಆರ್‌ಸಿ-13 ಹಿಂಪಡೆಯುವಂತೆ ಅಧಿಕಾರಿಗೆ ಲಿಖಿತ ಮನವಿ ಕೊಡಿ. ಒಂದು ಪ್ರತಿ ಬ್ಯಾಂಕಿಗೆ, ಇನ್ನೊಂದು ಸೀಲು ಹಾಕಿಸಿಕೊಂಡು ನಿಮ್ಮ ಕಡತಕ್ಕೆ.