ಮೀನಿನ ಟ್ಯಾಂಕಿಗೆ ಯಾವ ಮುಚ್ಚಳ? ಮೂರು ಬಳಸಿ ನೋಡಿದೆ, ಗಾಜೇ ಗೆದ್ದಿತು

ನನ್ನದು ಎರಡಡಿ ಟ್ಯಾಂಕ್. ಒಳಗೆ ವ್ಯಾಲಿಸ್ನೇರಿಯಾ, ರೊಟಾಲಾ, ಮರದ ತುಂಡಿಗೆ ಕಟ್ಟಿದ ಅನುಬಿಯಾಸ್ ಗಿಡಗಳಿವೆ. ಮೀನು ಜೀಬ್ರಾ ಡೇನಿಯೊ. ಇವು ಚಿಮ್ಮುವ ಜಾತಿ, ಮುಚ್ಚಳ ಬೇಕೇ ಬೇಕು. ಆದರೆ ಮುಚ್ಚಿದರೆ ಗಿಡಕ್ಕೆ ಬೆಳಕು ಸಾಲುತ್ತಾ ಅನ್ನೋದೇ ನನ್ನ ಚಿಂತೆಯಾಗಿತ್ತು.

ಟ್ಯಾಂಕ್ ಜೊತೆ ಬಂದಿದ್ದು ಕಪ್ಪು ಪ್ಲಾಸ್ಟಿಕ್ ಹುಡ್, ಅಂದರೆ ಲೈಟ್ ಸೇರಿಸಿ ಮಾಡಿದ ಮುಚ್ಚಳ. ಲೈಟ್ ಅದರೊಳಗೇ ಕೂತಿರುತ್ತದೆ, ಬೇರೆ ಲೈಟ್ ಹಾಕೋಣ ಅಂದರೆ ಜಾಗವಿಲ್ಲ. ಅನುಬಿಯಾಸ್ ಹೇಗೋ ನಡೆಸಿಕೊಂಡು ಹೋಯಿತು, ರೊಟಾಲಾ ಮಾತ್ರ ಕೆಳಗಿನ ಎಲೆಗಳನ್ನೆಲ್ಲ ಉದುರಿಸಿ ಬರೀ ಕಡ್ಡಿಯಾಯಿತು. ತೆಗೆದಿಟ್ಟೆ.

ಆಮೇಲೆ 3 ಮಿ.ಮೀ. ಅಕ್ರಿಲಿಕ್ (ಗಾಜಿನಂತೆ ಕಾಣುವ ಪ್ಲಾಸ್ಟಿಕ್) ಹಾಳೆ. ಅಕ್ರಿಲಿಕ್ ಸುಮಾರು ಶೇ 92ರಷ್ಟು ಬೆಳಕು ಬಿಡುತ್ತದೆ, ಮಾಮೂಲಿ ಗಾಜು ಶೇ 90ರ ಆಸುಪಾಸು. ತೂಕವೂ ಕಡಿಮೆ, ಒಡೆಯುವ ಭಯವೂ ಕಡಿಮೆ, ಇನ್ನೇನು ಬೇಕು ಅಂದುಕೊಂಡೆ. ಆದರೆ ಕೆಳಗಿನ ಮೈ ಸದಾ ಒದ್ದೆ, ಮೇಲಿನ ಮೈ ಒಣ. ಅಕ್ರಿಲಿಕ್ ನೀರು ಹೀರುತ್ತದೆ, ಹೀರಿದ ಕಡೆ ಹಿಗ್ಗುತ್ತದೆ. ಕೆಲವೇ ವಾರದಲ್ಲಿ ಹಾಳೆ ಬಾಗಿ ಮೂಲೆಗಳು ಮೇಲೆದ್ದವು. ಒಂದು ಬೆಳಿಗ್ಗೆ ನೋಡಿದರೆ ಡೇನಿಯೊ ಒಂದು ನೆಲದ ಮೇಲೆ ಒಣಗಿ ಬಿದ್ದಿತ್ತು. ಎರಡು ಬೆರಳು ತೂರುವಷ್ಟೂ ಸಂದಿ ಇರಲಿಲ್ಲ, ಆದರೂ ಅಲ್ಲಿಂದಲೇ ಹಾರಿತ್ತು. ತುಂಬಾ ಬೇಜಾರಾಯಿತು. ಅವತ್ತಿಗೇ ಅಕ್ರಿಲಿಕ್ ಸಾಕು ಅನ್ನಿಸಿತು.

ಈಗ ಇರೋದು 4 ಮಿ.ಮೀ. ಗಾಜು, ಎರಡು ತುಂಡು. ಮುಂದಿನ ತುಂಡನ್ನು ಎತ್ತಿದರೆ ಊಟ ಹಾಕಬಹುದು. ಹಿಂದಿನದರ ಮೂಲೆ ಕತ್ತರಿಸಿದ್ದೇನೆ, ಫಿಲ್ಟರ್ ಪೈಪು, ಹೀಟರ್ ವೈರು ಅಲ್ಲಿಂದ ಹೋಗುತ್ತವೆ, ಗಾಳಿಯೂ ಆಡುತ್ತದೆ. ಅಂಚುಗಳನ್ನು ಉಜ್ಜಿಸಿಕೊಳ್ಳಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಹಿಡಿಕೆಯನ್ನು ಅಕ್ವೇರಿಯಂ ಸಿಲಿಕಾನಿನಲ್ಲೇ ಅಂಟಿಸಿ.

ಬೆಳಕಿನ ವಿಷಯಕ್ಕೆ ಬಂದರೆ, ಗಾಜು ತಿನ್ನೋ ಆ ಶೇ 10 ದೊಡ್ಡ ಮಾತೇ ಅಲ್ಲ. ಲೈಟನ್ನು ನಾಲ್ಕು ಬೆರಳು ಕೆಳಗಿಳಿಸಿದರೆ ಸರಿಹೋಗುತ್ತದೆ. ನಿಜವಾಗಿ ಬೆಳಕು ಕದಿಯೋದು ಗಾಜಿನ ಮೇಲೆ ಕೂರುವ ಸುಣ್ಣದ ಕಲೆ. ನೀರು ಚಿಮ್ಮುತ್ತದೆ, ಒಣಗುತ್ತದೆ, ಬಿಳಿ ಪೊರೆ ಉಳಿಯುತ್ತದೆ, ಅದರ ಮೇಲೆ ಪಾಚಿ. ದಿನಾ ನೋಡುತ್ತಾ ಇರುವುದರಿಂದ ಗೊತ್ತೇ ಆಗೋದಿಲ್ಲ. ಒಮ್ಮೆ ಅರ್ಧ ಗಾಜು ಮಾತ್ರ ಒರೆಸಿ, ಕೆಳಗೆ ಬಿಳಿ ಕಾಗದ ಹಿಡಿದು ಲೈಟ್ ಹಾಕಿದೆ. ಒರೆಸಿದ ಕಡೆ ಕಾಗದ ಬೆಳ್ಳಗೆ, ಒರೆಸದ ಕಡೆ ಮಬ್ಬು, ನಡುವೆ ಗೆರೆ ಎಳೆದ ಹಾಗೆ ಎದ್ದು ಕಾಣುತ್ತಿತ್ತು. ನೀವೂ ಮಾಡಿ ನೋಡಿ.

ಹಾಗಾಗಿ ವಾರವಾರ ನೀರು ಬದಲಿಸುವಾಗ ಗಾಜನ್ನೂ ಒರೆಸುತ್ತೇನೆ. ಕಲೆ ಗಟ್ಟಿಯಾಗಿದ್ದರೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ನಿಮಿಷ ಮೇಲೆ ಹಾಸಿಡಿ, ಆಮೇಲೆ ಉಜ್ಜಿ ಚೆನ್ನಾಗಿ ತೊಳೆಯಿರಿ. ಸೋಪು ಬೇಡವೇ ಬೇಡ, ಮೀನಿಗೆ ಕೆಟ್ಟದ್ದು. ಗಾಜು ಲೈಟಿನಿಂದ ಬಿಸಿಯಾಗಿದ್ದರೆ ಆರಿದ ಮೇಲೆ ನೀರು ಮುಟ್ಟಿಸಿ, ಸೀಳು ಬಿಟ್ಟೀತು.

ದೊಡ್ಡ ಟ್ಯಾಂಕಿನವರು ಎರಡು ಪದರದ, ನಡುವೆ ಟೊಳ್ಳು ಕೊಳವೆಗಳಿರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ಹಗುರ, ಬಾಗೋದು ಕಡಿಮೆ. ಆದರೆ ಬೆಳಕು ಗಾಜಿನಷ್ಟು ಬಿಡುವುದಿಲ್ಲ, ತುದಿ ಮುಚ್ಚದಿದ್ದರೆ ಒಳಗಿನ ಕೊಳವೆಗಳಲ್ಲಿ ನೀರು ಸೇರಿ ಪಾಚಿ ಕಟ್ಟುತ್ತದೆ, ಅಲ್ಲಿಗೆ ಕೈ ಹೋಗಲ್ಲ. ಬಲೆಯ ಮುಚ್ಚಳ ಬೆಳಕಿಗೂ ಗಾಳಿಗೂ ಒಳ್ಳೆಯದೇ, ನೀರು ಮಾತ್ರ ಬೇಗ ಆವಿಯಾಗುತ್ತದೆ. ದಿನಾ ನೀರು ತುಂಬಿಸೋಕೆ ಪುರುಸೊತ್ತಿದ್ದರೆ ತಗೊಳ್ಳಿ. ಬೆಟ್ಟಾ ಸಾಕುವವರು ಯಾವುದೇ ಮುಚ್ಚಳ ಹಾಕಿದರೂ ನೀರಿಗೂ ಮುಚ್ಚಳಕ್ಕೂ ನಡುವೆ ಜಾಗ ಬಿಡಿ, ಅದು ಮೇಲೆ ಬಂದು ಗಾಳಿ ಕುಡಿಯುವ ಮೀನು.

ಗಾಜು ಕತ್ತರಿಸಲು ಕೊಡುವ ಮುಂಚೆ ಟ್ಯಾಂಕಿನ ಒಳ ಅಳತೆಯನ್ನು ಎರಡು ಕಡೆ ತೆಗೆದುಕೊಳ್ಳಿ, ಅದಕ್ಕಿಂತ 2–3 ಮಿ.ಮೀ. ಕಮ್ಮಿ ಹೇಳಿ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಬೇಕಿದ್ದರೆ ಪೈಪಿನ ಮೂಲೆಯನ್ನು ಮೊದಲೇ ಗುರುತು ಮಾಡಿ ಕೊಡಿ, ಟಫನ್ ಆದಮೇಲೆ ಅದನ್ನು ಕತ್ತರಿಸೋಕೆ ಆಗಲ್ಲ.