ಹಕ್ಕಿ ಫೋಟೋಗೆ ಯಾವ ದೋಣಿ? ಶಿರಿಯ ಹೊಳೆಯಲ್ಲಿ ಮೂರನ್ನೂ ಹತ್ತಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಹಿಡಿದು ಹೊಳೆಗೆ ಇಳಿಯುವವರಿಗೆ ನಮ್ಮ ಹಳೇ ಮರದ ದೋಣಿಯೇ ಸೈ. ಹಿಂದೆ ನಿಂತು ಗಳ ಹಾಕುವವರು ಒಬ್ಬರು ಬೇಕು, ಅಷ್ಟೇ. ಈ ಮಾತು ಹೇಳಲು ನನಗೆ ಎರಡು ಚಳಿಗಾಲ ಬೇಕಾಯಿತು. ಅಷ್ಟರಲ್ಲಿ ಗಾಳಿ ತುಂಬುವ ಕಯಾಕ್ (ಕೂತು ಹುಟ್ಟು ಹಾಕುವ ಸಣ್ಣ ದೋಣಿ) ಒಂದನ್ನು ಕೊಂಡಿದ್ದೆ, ಪ್ಲಾಸ್ಟಿಕ್ ಕಯಾಕ್ ಬಾಡಿಗೆಗೆ ತಂದಿದ್ದೆ. ಅವೆರಡೂ ದಂಡ ಅಂತ ಹೇಳುವುದಿಲ್ಲ. ಗಾಳಿ ಕಯಾಕ್ ಇವತ್ತಿಗೂ ನನ್ನ ಕಾರಿನ ಡಿಕ್ಕಿಯಲ್ಲೇ ಇದೆ.

ನಾನಿರುವುದು ಕುಂಬಳೆ ಹತ್ತಿರ. ಶಾಲೆಯಲ್ಲಿ ಪಾಠ ಮಾಡುವುದು ಕೆಲಸ, ರಜೆಯ ಬೆಳಗ್ಗೆ ಹೊಳೆಗೆ ಹೋಗುವುದು ಅಭ್ಯಾಸ. ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆ. ಮಂಜೇಶ್ವರದ್ದು ಬರೀ 16 ಕಿಲೋಮೀಟರ್. ಕೊಡಗಿನಿಂದ ಇಳಿದು ಬರುವ ಚಂದ್ರಗಿರಿ, ಅಂದರೆ ನಮ್ಮ ಪಯಸ್ವಿನಿ, 105 ಕಿಲೋಮೀಟರ್. ಅಳಿವೆ ಹತ್ತಿರ ಬಂದಾಗ ಇವು ನಿಧಾನವಾಗುತ್ತವೆ. ಉಪ್ಪುನೀರು ಒಳಗೆ ಬರುತ್ತದೆ, ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಹಬ್ಬುತ್ತದೆ, ಅದರ ನಡುವೆ ಸಣ್ಣ ಸಣ್ಣ ತೋಡುಗಳು ಒಡೆಯುತ್ತವೆ. ರಸ್ತೆಯಿಂದ ನೋಡಿದರೆ ಆ ತೋಡುಗಳು ಇರುವುದೇ ಗೊತ್ತಾಗುವುದಿಲ್ಲ. ಹಕ್ಕಿಗಳು ಇರುವುದು ಅಲ್ಲೇ.

ಹೋಲಿಸುವಾಗ ಒಂದು ನಿಯಮ ಇಟ್ಟುಕೊಂಡೆ. ಶಿರಿಯ ಹೊಳೆಯ ತೋಡು ಅದೇ, ಕ್ಯಾಮೆರಾ ಅದೇ, ಲೆನ್ಸ್ ಅದೇ 100-400 ಎಂಎಂ ಜೂಮ್. ಉಬ್ಬರದ ಹೊತ್ತೂ ಆದಷ್ಟು ಒಂದೇ. ಈ ಕೊನೆಯದ್ದು ತುಂಬಾ ಮುಖ್ಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಹೊಳೆಗಳು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತವೆ. ಬೆಳಗ್ಗೆ ಅಳಿವೆ ಕಡೆಯಿಂದ ಒಳಗೆ ಹೋದರೆ ಸೂರ್ಯ ಮುಖಕ್ಕೇ ಹೊಡೆಯುತ್ತಾನೆ. ಎದುರಿರುವ ಹಕ್ಕಿ ಬರೀ ಕಪ್ಪು ಗೊಂಬೆಯ ಹಾಗೆ ಬರುತ್ತದೆ. ಏಳೂವರೆ ಸುಮಾರಿಗೆ ಉಬ್ಬರ ತುಂಬುವ ದಿನ ನೋಡಿ ಹೋಗಬೇಕು. ಆರೂಕಾಲಿಗೆ ಹೊರಟರೆ ಏರುವ ನೀರೇ ಒಳಗೆ ಕರೆದುಕೊಂಡು ಹೋಗುತ್ತದೆ. ವಾಪಸ್ ಬರುವಾಗ ಇಳಿತ ಶುರುವಾಗಿರುತ್ತದೆ, ನೀರೇ ಹೊರಗೆ ತರುತ್ತದೆ, ಬಿಸಿಲು ಬೆನ್ನಿಗಿರುತ್ತದೆ. ಕೆಸರು ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಏಡಿಗಳು ಹೊರಗೆ ಬರುತ್ತವೆ, ಅವನ್ನು ಹಿಡಿಯಲು ಮಿಂಚುಳ್ಳಿ, ಬಕ, ಗೊರವ ಎಲ್ಲ ಕೆಳಗಿಳಿಯುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಎರಡು ಮೂರು ಬೆಳಗ್ಗೆ ಮಾತ್ರ ಹೀಗೆ ಕೂಡಿಬರುತ್ತದೆ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ಲಾಸ್ಟಿಕ್ ಕಯಾಕ್

ಮೊದಲು ಇದನ್ನು ಹತ್ತಿದೆ, ಯಾಕೆಂದರೆ ಬಾಡಿಗೆಗೆ ಸುಲಭವಾಗಿ ಸಿಕ್ಕಿತು. ಮೇಲೆ ಕೂತು ಹೋಗುವ ಬಗೆಯದ್ದು, ಕಿತ್ತಳೆ ಬಣ್ಣದ್ದು. ಓಡುವುದರಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ. ಹುಟ್ಟು ನಾಲ್ಕು ಸಲ ಹಾಕಿದರೆ ದೋಣಿ ನೇರ ಬಾಣದ ಹಾಗೆ ಹೋಗುತ್ತದೆ. ಮಗುಚಿದರೂ ಮುಳುಗುವುದಿಲ್ಲ, ಮತ್ತೆ ಹತ್ತಿ ಕೂರಬಹುದು.

ಆದರೆ ತೋಡಿನೊಳಗೆ ಇದು ಸದ್ದು ಮಾಡುತ್ತದೆ. ಒಳಗೆ ಟೊಳ್ಳು ಅಲ್ವಾ, ಸಣ್ಣ ಅಲೆ ತಾಗಿದರೂ ಪಟಪಟ ಅನ್ನುತ್ತದೆ. ಒಮ್ಮೆ ಲೆನ್ಸಿನ ಮುಚ್ಚಳ ಕೈಜಾರಿ ಬಿತ್ತು. ಡೋಲು ಬಾರಿಸಿದ ಹಾಗೆ ಕೇಳಿಸಿತು. ಐವತ್ತು ಮಾರು ದೂರದಲ್ಲಿದ್ದ ಬಕಗಳೆಲ್ಲ ಎದ್ದವು. ಅದಕ್ಕಿಂತ ದೊಡ್ಡ ತೊಂದರೆ ಹುಟ್ಟಿನದ್ದು. ಎರಡೂ ತುದಿಗೆ ಹಲಗೆ ಇರುವ ಹುಟ್ಟು ಅದು. ಒಂದು ತುದಿ ನೀರಿನಲ್ಲಿದ್ದಾಗ ಇನ್ನೊಂದು ತಲೆಯ ಮೇಲೆ ಇರುತ್ತದೆ, ಒದ್ದೆ ಹಲಗೆ ಬಿಸಿಲಿಗೆ ಥಳಕ್ ಅಂತ ಹೊಳೆಯುತ್ತದೆ. ಹಕ್ಕಿಗೆ ನಮ್ಮ ಮುಖಕ್ಕಿಂತ ಮೊದಲು ಕಾಣುವುದು ಅದೇ. ಹೆಮ್ಮಿಂಚುಳ್ಳಿ, ಕೆಂಪು ಕೊಕ್ಕಿನ ಆ ದೊಡ್ಡ ಮಿಂಚುಳ್ಳಿ, ಇಪ್ಪತ್ತು ಮಾರಿನ ಒಳಗೆ ನನ್ನನ್ನು ಒಮ್ಮೆಯೂ ಬಿಟ್ಟುಕೊಳ್ಳಲಿಲ್ಲ. ಕೂಗುತ್ತಾ ಮುಂದಿನ ತಿರುವಿಗೆ ಹಾರುತ್ತದೆ, ಅಲ್ಲಿಗೆ ಹೋದರೆ ಅದರ ಮುಂದಿನ ತಿರುವಿಗೆ. ಮೂರು ತಿರುವು ಆದ ಮೇಲೆ ನಾನೇ ನಿಲ್ಲಿಸಿದೆ. ಅದರ ಬೇಟೆಯ ಹೊತ್ತನ್ನು ನಾವು ಹಾಳು ಮಾಡುತ್ತೇವೆ, ಅದು ಸರಿಯಲ್ಲ.

ಇದೇ ಕಯಾಕನ್ನು ಜಿಲ್ಲೆಯ ದಕ್ಷಿಣ ತುದಿಯ ವಲಿಯಪರಂಬದ ಹಿನ್ನೀರಿನಲ್ಲಿ ಹತ್ತಿದಾಗ ಕಥೆಯೇ ಬೇರೆ. ಅಲ್ಲಿ ಒಂದು ಕಡೆ ಸಮುದ್ರವನ್ನು ತಡೆದು ನಿಂತ ಉದ್ದದ ಮರಳುಪಟ್ಟಿ, ಇನ್ನೊಂದು ಕಡೆ ಊರು, ನಡುವೆ ಅಗಲವಾದ ನೀರು. ಜಾಗದಿಂದ ಜಾಗಕ್ಕೆ ದೂರ ಜಾಸ್ತಿ. ಅಲ್ಲಿ ಕಯಾಕಿನ ವೇಗ ಉಪಯೋಗಕ್ಕೆ ಬಂತು. ಮೀನಿನ ಬಲೆ ಕಟ್ಟುವ ಕಂಬಗಳ ಮೇಲೆ ಕೂತ ನೀರುಕಾಗೆಗಳು, ಗರುಡಗಳು ದೋಣಿಗೆ ಒಗ್ಗಿಹೋಗಿವೆ. ಅಷ್ಟಾಗಿ ಹೆದರುವುದಿಲ್ಲ. ಗರುಡ ನೀರಿಗೆ ಎರಗುವ ಒಂದು ಒಳ್ಳೆ ಫೋಟೋ ನನಗೆ ಸಿಕ್ಕಿದ್ದು ಈ ಕಯಾಕಿನಿಂದಲೇ. ತೋಡು ಬೇಡ, ಅಗಲ ನೀರು ಸಾಕು ಅನ್ನುವವರು ಇದನ್ನೇ ತೆಗೆದುಕೊಳ್ಳಿ.

ಗಾಳಿ ಕಯಾಕ್

ಇದನ್ನು ಕೊಂಡಿದ್ದು ಒಬ್ಬನೇ ಹೋಗಬೇಕು ಅನ್ನುವ ಆಸೆಗೆ. ಮಡಚಿದರೆ ಒಂದು ದೊಡ್ಡ ಚೀಲ. ಪಂಪ್ ಹೊಡೆಯಲು ಹದಿನೈದು ನಿಮಿಷ. ಯಾರನ್ನೂ ಕೇಳಬೇಕಾಗಿಲ್ಲ, ಸೇತುವೆ ಪಕ್ಕ ಕಾರು ನಿಲ್ಲಿಸಿ ಇಳಿಯಬಹುದು. ಒಂದು ಗೇಣು ನೀರಿದ್ದರೂ ತೇಲುತ್ತದೆ. ಇಳಿತದಲ್ಲಿ ಮರದ ದೋಣಿ ಕೆಸರಿಗೆ ಕೂತುಬಿಡುವ ತೋಡಿನಲ್ಲಿ ಇದು ಹಾಯಾಗಿ ಹೋಗುತ್ತದೆ. ಸದ್ದೂ ಇಲ್ಲ, ರಬ್ಬರಿನ ಮೈಗೆ ನೀರು ತಾಗಿದರೆ ಕೇಳಿಸುವುದೇ ಇಲ್ಲ.

ಹುಟ್ಟಿನ ತೊಂದರೆಗೆ ಇಲ್ಲಿ ಒಂದು ಉಪಾಯ ಕಂಡುಕೊಂಡೆ. ಹುಟ್ಟನ್ನು ನಡುವೆ ಬಿಚ್ಚಿ ಒಂದೇ ತುಂಡನ್ನು ಇಟ್ಟುಕೊಂಡೆ. ಅದನ್ನು ಪಕ್ಕದಲ್ಲಿ ತಗ್ಗಾಗಿ ಹಿಡಿದು, ನೀರಿನಿಂದ ಹೊರಗೆ ತೆಗೆಯದೆ, ಹಿಂದೆ ಮುಂದೆ ಸವರುತ್ತಾ ಹೋದರೆ ದೋಣಿ ಆಮೆಯ ಹಾಗೆ ಜಾರುತ್ತದೆ. ಹೊಳೆಯುವ ಹಲಗೆ ಇಲ್ಲ, ಹನಿ ಬೀಳುವ ಸದ್ದಿಲ್ಲ.

ಹೀಗೆ ಹೋಗುತ್ತಿದ್ದಾಗಲೇ ನೀರುನಾಯಿ ಕಂಡಿದ್ದು. ಶಿರಿಯದಲ್ಲಲ್ಲ, ಚಂದ್ರಗಿರಿಯ ಮೇಲ್ಭಾಗದಲ್ಲಿ, ಒಂದು ಡಿಸೆಂಬರ್ ಬೆಳಗ್ಗೆ. ಮಂಜು ನೀರಿನ ಮೇಲೇ ಕೂತಿತ್ತು. ಮೊದಲು ಗುಳ್ಳೆಗಳ ಒಂದು ಸಾಲು ಬಂತು. ಆಮೇಲೆ ಚಪ್ಪಟೆ ತಲೆ, ಮೂಗಿನ ಮೇಲೆ ನೀರಿನ ಹನಿ. ಅದು ನನ್ನನ್ನು ನೋಡಿತು, ಫೂ ಅಂತ ಉಸಿರು ಬಿಟ್ಟಿತು, ಮುಳುಗಿತು. ಹಿಂದೆಯೇ ಇನ್ನೆರಡು. ಅರ್ಧ ನಿಮಿಷವೂ ಇರಲಿಲ್ಲ. ಆ ಉಸಿರಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಫೋಟೋ? ಮೂರು ತೆಗೆದೆ, ಮೂರೂ ಅಲುಗಿದ್ದವು. ಗಾಳಿ ಕಯಾಕಿನ ದೊಡ್ಡ ಕೊರತೆ ಇದೇ. ಹಗುರ, ಹಾಗಾಗಿ ನಿಲ್ಲುವುದಿಲ್ಲ. ಹುಟ್ಟು ಬಿಟ್ಟು ಕ್ಯಾಮೆರಾ ಎತ್ತಿದ ಕೂಡಲೇ ಮೂತಿ ತಿರುಗಲು ಶುರು. ನಾನು ಉಸಿರೆಳೆದರೂ ಅದು ತೂಗುತ್ತದೆ. ಲೆನ್ಸಿನ ಸ್ಟೆಬಿಲೈಸರ್ ಕೈನಡುಕವನ್ನು ಹಿಡಿಯುತ್ತದೆ, ತಿರುಗುವ ದೋಣಿಯನ್ನು ಹಿಡಿಯುವುದಿಲ್ಲ. ಶಟರ್ ವೇಗ 1/2000 ಸೆಕೆಂಡಿಗಿಂತ ಕೆಳಗಿಳಿದರೆ ನನಗೆ ಒಂದೂ ಚೂಪಾಗಿ ಬರಲಿಲ್ಲ. ಬೆಳಗಿನ ಮಂದ ಬೆಳಕಿನಲ್ಲಿ ಅಷ್ಟು ವೇಗ ಬೇಕೆಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಲೇಬೇಕು, ಗರಿಯ ಮೇಲೆಲ್ಲ ಕಾಳು ಕಾಳು. ಹತ್ತು ಗಂಟೆ ಕಳೆದು ಕಡಲಗಾಳಿ ಎದ್ದರೆ ಇದು ತರಗೆಲೆ. ಅಳಿವೆ ಕಡೆಗೆ ವಾಪಸ್ ಬರಲು ಒಂದು ದಿನ ಒಂದೂವರೆ ಗಂಟೆ ಒದ್ದಾಡಿದೆ, ಗಾಳಿ ಎದುರಿಗಿತ್ತು.

ಇನ್ನೊಂದು ಎಚ್ಚರಿಕೆ. ಸೇತುವೆ ಕಂಬಗಳಿಗೆ, ಹಳೇ ಕಲ್ಲುಗಳಿಗೆ ಕಚ್ಚಿಕೊಂಡ ಸಿಂಪಿ ಬ್ಲೇಡಿನ ಹಾಗಿರುತ್ತದೆ. ಹಾಗೇ ಒರಗಿಸಿದ್ದಕ್ಕೆ ನನ್ನ ಕಯಾಕಿನ ಪಕ್ಕ ಎರಡು ಬೆರಳು ಉದ್ದ ಸೀಳಿತು. ಗಾಳಿಯ ಕೋಣೆಗಳು ಬೇರೆ ಬೇರೆ ಇದ್ದದ್ದರಿಂದ ದಡ ಸೇರಿದೆ. ಕ್ಯಾಮೆರಾ ನೀರು ಹೋಗದ ಚೀಲದಲ್ಲಿತ್ತು, ಬಚಾವ್.

ಮರದ ದೋಣಿ

ಇದು ಪರಿಚಯದ ಒಬ್ಬ ಅಣ್ಣನದ್ದು. ಅವರು ಮರುವಾಯಿ (ಚಿಪ್ಪುಮೀನು) ಹೆಕ್ಕಲು, ಬಲೆ ಹಾಕಲು ಇಟ್ಟುಕೊಂಡಿರುವುದು. ಹೆಬ್ಬಲಸಿನ ಮರ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಬಳಿದು ಕಪ್ಪಾಗಿದೆ. ಕೂತರೆ ಮೀನಿನ ವಾಸನೆ, ಅಡಿಯಲ್ಲಿ ಯಾವಾಗಲೂ ಸ್ವಲ್ಪ ನೀರು. ಅದನ್ನು ಎತ್ತಿ ಚೆಲ್ಲಲು ಒಂದು ಅರ್ಧ ತೆಂಗಿನ ಚಿಪ್ಪು. ಪಾಪ, ಬೇಡ ಬೇಡ ಅಂದರೂ ನನಗೆ ಅಂತ ಒಂದು ಗೋಣಿಚೀಲ ಮಡಚಿ ಇಟ್ಟಿರುತ್ತಾರೆ.

ಮೊದಲ ದಿನ ನಾನು ಲೆನ್ಸು, ಬೆಳಕು ಅಂತ ಏನೇನೋ ಹೇಳುತ್ತಿದ್ದೆ. ಅವರು ತುಳುವಿನಲ್ಲಿ, "ಮನಿಪಂದೆ ಕುಲ್ಲುಲೆ ಮಾಷ್ಟ್ರೆ" ಅಂದರು. ಮಾತಾಡದೆ ಕೂತ್ಕೊಳ್ಳಿ ಅಂತ. ಕೂತೆ. ಆಮೇಲೆ ಒಂದು ಗಂಟೆ ಬಿದಿರಿನ ಗಳ ಕೆಸರಿಗೆ ಇಳಿಯುವ, ಮೇಲೆ ಬರುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಯಿತು. ದೋಣಿ ಭಾರ, ಹಾಗಾಗಿ ಒಮ್ಮೆ ನೂಕಿದರೆ ಒಂದೇ ಸಮನೆ ಹೋಗುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಅಣ್ಣ ಗಳವನ್ನು ಕೆಸರಿಗೆ ಊರಿ ಹಿಡಿದರೆ ನೆಲದ ಮೇಲೆ ಕೂತ ಹಾಗೆ. ನನ್ನ ಎರಡೂ ಕೈ ಕ್ಯಾಮೆರಾಕ್ಕೆ. ಮೊಣಕೈಯನ್ನು ಅಂಚಿಗೆ ಊರಿಕೊಂಡರೆ ಟ್ರೈಪಾಡ್ ಬೇಡ. 1/500ರಲ್ಲಿ ಕೂಡ ಗರಿಯ ಎಳೆ ಎಳೆ ಬಂತು. ಬೆಳಕು ಕಮ್ಮಿ ಇರುವ ಆರೂವರೆಯಿಂದ ಏಳೂಕಾಲಿನ ಹೊತ್ತು ಇದರಿಂದಾಗಿ ನನ್ನದಾಯಿತು. ಕಯಾಕಿನಲ್ಲಿ ಆ ಹೊತ್ತು ಸುಮ್ನೆ ನೋಡಲು ಮಾತ್ರ.

ಹಕ್ಕಿಗಳೂ ಈ ದೋಣಿಯನ್ನು ಬೇರೆ ಥರ ನೋಡುತ್ತವೆ. ದಿನಾ ಕಾಣುವ ಕಪ್ಪು ದೋಣಿ, ದಿನಾ ಕಾಣುವ ಮನುಷ್ಯ. ಅದೇ ಹೆಮ್ಮಿಂಚುಳ್ಳಿ ಕಾಂಡ್ಲಾ ಬೇರಿನ ಮೇಲೆ ಕೂತು ಏಡಿಯನ್ನು ಬಡಿಯುತ್ತಿತ್ತು. ಬಲಕ್ಕೆ ಒಂದು, ಎಡಕ್ಕೆ ಒಂದು, ಮತ್ತೆ ಬಲಕ್ಕೆ. ಒಂದು ಕಾಲು ಕಿತ್ತು ನೀರಿಗೆ ಬಿತ್ತು. ನಾವು ಆರು ಮಾರು ದೂರದಲ್ಲಿದ್ದೆವು. ಅದು ನಮ್ಮ ಕಡೆ ತಲೆ ತಿರುಗಿಸಿತು, ಮತ್ತೆ ಏಡಿಯ ಕಡೆ ತಿರುಗಿತು. ನುಂಗಿ ಮುಗಿಸಿ, ಕೊಕ್ಕನ್ನು ಬೇರಿಗೆ ಒರೆಸಿಕೊಂಡು, ಅಲ್ಲೇ ಕೂತಿತು. ಹಾರಲಿಲ್ಲ. ನಾನು ಕ್ಯಾಮೆರಾ ಕೆಳಗಿಟ್ಟು ಸ್ವಲ್ಪ ಹೊತ್ತು ಬರೀ ಕಣ್ಣಲ್ಲಿ ನೋಡಿದೆ.

ಇನ್ನೊಂದು ಲಾಭ ದೋಣಿಯದ್ದಲ್ಲ, ಅಣ್ಣನದ್ದು. ಕರಿತಲೆ ಮಿಂಚುಳ್ಳಿ ಚಳಿಗಾಲಕ್ಕೆ ಯಾವ ತೋಡಿಗೆ ಬರುತ್ತದೆ, ಉಡ ಯಾವ ಮರದ ಬುಡದಲ್ಲಿ ಬಿಸಿಲು ಕಾಯುತ್ತದೆ, ಎಲ್ಲ ಅವರಿಗೆ ಗೊತ್ತು. ನಾನು ಎರಡು ವರ್ಷ ಹುಡುಕಿದ್ದನ್ನು ಅವರು ಒಂದು ಬೆಳಗ್ಗೆ ತೋರಿಸಿದರು. ಅರ್ಧ ದಿನದ ಕೂಲಿಗೆ ಏನು ಕೊಡಬೇಕೋ ಅದನ್ನು ಚೌಕಾಶಿ ಮಾಡದೆ ಕೊಡಿ, ಫೋಟೋ ಪ್ರಿಂಟ್ ಹಾಕಿಸಿ ಒಂದು ಪ್ರತಿ ಕೊಡಿ. ಅವರ ಮನೆ ಚಾವಡಿಯಲ್ಲಿ ಈಗ ಆ ಮಿಂಚುಳ್ಳಿ ಇದೆ.

ಕೊರತೆ ಇಲ್ಲ ಅಂತಲ್ಲ. ಅವರಿಗೆ ಬಿಡುವಿರುವ ದಿನವೇ ಹೋಗಬೇಕು. ಇಳಿತ ಜಾಸ್ತಿಯಾದರೆ ದೋಣಿ ಕೆಸರಿಗೆ ಕೂರುತ್ತದೆ, ಒಮ್ಮೆ ಎರಡು ಗಂಟೆ ನೀರು ಬರುವವರೆಗೆ ಕಾದಿದ್ದೇವೆ. ಕಿರಿದಾದ ದೋಣಿ, ಅಣ್ಣನ ಹಾಗೆ ಅಭ್ಯಾಸ ಇಲ್ಲದವರು ಎದ್ದು ನಿಂತರೆ ಮಗುಚಬಹುದು. ಈಜು ಬಂದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಕ್ಯಾಮೆರಾ ಪಟ್ಟಿಯನ್ನು ಮಾತ್ರ ಕುತ್ತಿಗೆಗೆ ಹಾಕಬೇಡಿ, ಬಿದ್ದರೆ ಅದೇ ಸಿಕ್ಕಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾ ಒರೆಸಿ. ಉಪ್ಪು ಒಳಗೇ ಕೆಲಸ ಮಾಡುತ್ತದೆ.

ಹಾಗಾದರೆ ಯಾವುದು?

ಫೋಟೋ ಬೇಕಾದರೆ ಮರದ ದೋಣಿ, ಎರಡು ಮಾತಿಲ್ಲ. ಒಬ್ಬನೇ ಇರಬೇಕು, ಫೋಟೋ ಬಂದರೆ ಬರಲಿ ಅನ್ನುವ ದಿನ ಗಾಳಿ ಕಯಾಕ್. ಚಂದ್ರಗಿರಿಯ ಮೇಲ್ಭಾಗಕ್ಕೆ ನಾನು ಈಗಲೂ ಅದನ್ನೇ ಒಯ್ಯುತ್ತೇನೆ, ಅಲ್ಲಿ ಮರಳಿನ ದಿಬ್ಬ ಜಾಸ್ತಿ, ನೀರು ತೆಳು. ಆದರೆ ಆ ಮರಳಿನ ಮೇಲೆ ದೋಣಿ ಎಳೆಯಬೇಡಿ, ದಯವಿಟ್ಟು. ಚಂದ್ರಗಿರಿಯಲ್ಲಿ ಕ್ಯಾಂಟರ್ ದೈತ್ಯ ಮೃದುಚಿಪ್ಪಿನ ಆಮೆ ಇದೆ. ಹೆಚ್ಚಿನ ಹೊತ್ತು ಮರಳಿನಲ್ಲಿ ಹೂತುಕೊಂಡೇ ಇರುತ್ತದೆ, ಮೊಟ್ಟೆ ಇಡುವುದೂ ದಡದ ಮರಳಿನಲ್ಲೇ. 2023ರಲ್ಲಿ ನಮ್ಮ ಜಿಲ್ಲೆಯ ಪ್ರಾಣಿ ಅಂತ ಅದನ್ನೇ ಆರಿಸಿದರು. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು, ಮರ ಕಾಸರಕ. ನನಗೆ ಆ ಆಮೆ ಇನ್ನೂ ಕಂಡಿಲ್ಲ.

ಕಡಲ ಹದ್ದಿನ ಗೂಡು ಮಾತ್ರ ಗೊತ್ತಿದೆ, ಅಳಿವೆ ಹತ್ತಿರದ ಒಂದು ಎತ್ತರದ ಮರದಲ್ಲಿ. ಗೂಡಿನಲ್ಲಿ ಮರಿ ಇರುವಾಗ ಆ ದಡಕ್ಕೆ ದೋಣಿ ತಿರುಗಿಸುವುದಿಲ್ಲ ಅಂತ ಅಣ್ಣನೂ ನಾನೂ ಮಾತಾಡಿಕೊಂಡಿದ್ದೇವೆ. ಎದುರು ದಡದಿಂದ ನೋಡಿಕೊಂಡು ಮುಂದೆ ಹೋಗುತ್ತೇವೆ. ಯಾವ ಮರ ಅಂತ ಕೇಳಬೇಡಿ, ಹೇಳುವುದಿಲ್ಲ.