ಮನೆಯಲ್ಲೇ ಹೊಲಿದ ಚಾರಣದ ಹೊದಿಕೆ: ದೀರ್ಘ ಬಳಕೆಯ ವಿಮರ್ಶೆ

ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿದಾಗ ಬೆನ್ನಡಿಗೆ ಬರುವ ಬ್ಯಾಗಿನ ಪದರ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಎಳೆಗಳ ನಡುವಿನ ಗಾಳಿ ಹೊರಟುಹೋದ ಮೇಲೆ ಅದು ಬೆಚ್ಚಗಿಡುವುದಿಲ್ಲ, ಆದರೂ ಅದರ ತೂಕವನ್ನು ದಿನವಿಡೀ ಹೊರಬೇಕು. ಆ ಭಾಗವನ್ನೂ ಜಿಪ್ಪನ್ನೂ ಬಿಟ್ಟು, ನೆಲದ ತಂಪನ್ನು ತಡೆಯುವ ಕೆಲಸವನ್ನು ಫೋಮ್ ಮ್ಯಾಟಿಗೆ ವಹಿಸಿ ಹೊಲಿದ ಹೊದಿಕೆಯನ್ನು ನಾನು ಕೆಲವು ವರ್ಷಗಳಿಂದ ಸಂಡೂರಿನ ಗುಡ್ಡಗಳ ಆಸುಪಾಸಿನಲ್ಲಿಯೂ ಆನೆಗೊಂದಿಯ ಬಂಡೆಗಳ ನಡುವೆಯೂ ಬಳಸುತ್ತಿದ್ದೇನೆ.

ಒಳಗೂ ಹೊರಗೂ 20 ಡೆನಿಯರ್‌ನ ರಿಪ್‌ಸ್ಟಾಪ್ ನೈಲಾನ್ (ಡೆನಿಯರ್ ಎಂದರೆ ಎಳೆಯ ದಪ್ಪದ ಅಳತೆ, ರಿಪ್‌ಸ್ಟಾಪ್ ಎಂದರೆ ಹರಕು ಹರಡದಂತೆ ನೇಯ್ದದ್ದು), ನಡುವೆ ಚದರ ಮೀಟರಿಗೆ 122 ಗ್ರಾಂ ತೂಗುವ ಕ್ಲೈಮಾಶೀಲ್ಡ್ ಅಪೆಕ್ಸ್ ಎಂಬ ಕೃತಕ ಎಳೆಯ ಉಬ್ಬಿದ ಹಾಳೆ. ಉದ್ದ 2 ಮೀಟರ್, ಅಗಲ 1.3 ಮೀಟರ್, ಒಟ್ಟು ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ನಮ್ಮ ಕಡೆಯ ಕೌದಿಗೆ ಸಾಲುಹೊಲಿಗೆ ಒತ್ತಾದಷ್ಟೂ ಬಾಳಿಕೆ ಹೆಚ್ಚು. ಈ ಹೊದಿಕೆಯ ನಡುಭಾಗಕ್ಕೆ ಮಾತ್ರ ಸೂಜಿ ಇಳಿಯಲೇಬಾರದು. ಹೊಲಿಗೆ ಬಿದ್ದಲ್ಲೆಲ್ಲ ಹಾಳೆ ತೆಳುವಾಗಿ, ಆ ಗೆರೆಯುದ್ದಕ್ಕೂ ಚಳಿ ಒಳನುಗ್ಗುತ್ತದೆ. ಅಪೆಕ್ಸ್‌ನ ಎಳೆಗಳು ತುಂಡಾಗದೆ ಉದ್ದಕ್ಕೂ ಹೆಣೆದುಕೊಂಡಿರುವುದರಿಂದ ಅಂಚನ್ನಷ್ಟೇ ಹೊಲಿದರೂ ಹಾಳೆ ಮುದ್ದೆಗಟ್ಟುವುದಿಲ್ಲ.

ಜೀನ್ಸ್ ಹೊಲಿಯುವ ಊರಾದ ಬಳ್ಳಾರಿಯಲ್ಲಿ ಮೆಷಿನ್ನಿಗೂ ಕೈಚಳಕಕ್ಕೂ ಬರವಿಲ್ಲ. ಆದರೆ ಡೆನಿಮ್ಮಿಗೆ ಹಾಕುವ ದಪ್ಪ ಸೂಜಿ ಈ ಬಟ್ಟೆಯಲ್ಲಿ ಕಾಣುವಷ್ಟು ದೊಡ್ಡ ತೂತು ಬಿಡುತ್ತದೆ. 10ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಗುಂಡುಸೂಜಿಯ ಬದಲು ಕ್ಲಿಪ್ಪುಗಳು ಬೇಕು. ಎರಡೂ ಬಟ್ಟೆಗಳ ಮೇಲ್ಮೈಯನ್ನು ಎದುರುಬದುರಾಗಿಟ್ಟು, ಮೇಲೆ ಹಾಳೆ ಹಾಸಿ, ಒಂದು ಮೊಳದಷ್ಟು ಬಾಯಿ ಬಿಟ್ಟು ಸುತ್ತಲೂ ಹೊಲಿಯಬೇಕು. ಆ ಬಾಯಿಂದ ಎಲ್ಲವನ್ನೂ ಹೊರಳಿಸಿ, ಬಾಯಿ ಮುಚ್ಚಿದ ಮೇಲೆ ಅಂಚಿನ ಒಳಗೆ ಬೆರಳಗಲ ಬಿಟ್ಟು ಮತ್ತೊಂದು ಸುತ್ತು ಹೊಲಿಗೆ ಹಾಕಿದರೆ ಹಾಳೆ ಜಗ್ಗುವುದಿಲ್ಲ. ಕಾಲ ಕಡೆ ಚೀಲದಂತೆ ಮುಚ್ಚಲು ಮೊಣಕಾಲಿನವರೆಗೆ ಪ್ರೆಸ್ ಬಟನ್, ತುದಿಗೆ ಲಾಡಿ ಇಟ್ಟಿದ್ದೇನೆ. ಸೆಕೆಯ ರಾತ್ರಿ ಬಿಚ್ಚಿ ಹಾಸಿದರೆ ಅದು ಬರೀ ದುಪ್ಪಟಿ.

ಬಳಕೆಯಲ್ಲಿ ಕಂಡ ಮುಖ್ಯ ಕೊರತೆ ಅಗಲದ್ದು. ಅಂಗಾತ ಮಲಗುವವರಿಗೆ 1.3 ಮೀಟರ್ ಸಾಕು. ಮಗ್ಗುಲು ಬದಲಿಸುವವರಿಗೆ ಪಕ್ಕದಿಂದ ಗಾಳಿ ನುಸುಳುತ್ತದೆ. ಮ್ಯಾಟಿನ ಕೆಳಗೆ ಹಾಯಿಸಿದ ಎರಡು ಎಲಾಸ್ಟಿಕ್ ಪಟ್ಟಿಗಳಿಂದ ಅದು ಬಹುಮಟ್ಟಿಗೆ ನಿಂತಿದೆ. ಹೊಲಿಗೆ ಎಲ್ಲಿಯೂ ಬಿಟ್ಟಿಲ್ಲ, ಆದರೆ ಚೀಲದಲ್ಲಿ ಮತ್ತೆ ಮತ್ತೆ ಒತ್ತಿ ತುರುಕಿದ್ದರಿಂದ ಹಾಳೆಯ ಉಬ್ಬು ಇಳಿದಿದೆ, ಮೊದಲಿನಷ್ಟು ಬೆಚ್ಚಗೆ ಈಗಿಲ್ಲ. ಈಗ ಮನೆಯಲ್ಲಿ ಅದನ್ನು ಸಡಿಲವಾಗಿ ತೂಗುಹಾಕುತ್ತೇನೆ. ಒಗೆದಾಗ ಹಿಂಡದೆ ನೆರಳಿನಲ್ಲೇ ಒಣಗಿಸುತ್ತೇನೆ, ಏಕೆಂದರೆ ನಮ್ಮ ಬಿಸಿಲು ನೈಲಾನನ್ನು ಬೇಗ ಬಡವಾಗಿಸುತ್ತದೆ. ನಮ್ಮ ಜಿಲ್ಲೆಯ ಚಳಿಗೆ 122 ಗ್ರಾಮಿನ ಹಾಳೆ ಹೆಚ್ಚೇ ಆಯಿತು. ಇಲ್ಲಿಯೇ ತಿರುಗುವವರು 85 ಗ್ರಾಮಿನದನ್ನು ಕೊಂಡು, ಉಳಿದ ತೂಕವನ್ನು ಅಗಲಕ್ಕೆ ಬಳಸುವುದು ಒಳ್ಳೆಯದು.